ಟ್ರಯಲ್ಸ್ ಬೈಕ್: ಫ್ರೇಮ್ ಆರಿಸಿದಾಗಲೇ ಬ್ರೇಕ್ ಅರ್ಧ ತೀರ್ಮಾನವಾಗಿರುತ್ತದೆ

ಟ್ರಯಲ್ಸ್ ಬೈಕ್ ಎಂದರೆ ಕಾಲು ನೆಲಕ್ಕೆ ಊರದೆ ಬಂಡೆ, ಅಡೆತಡೆ ದಾಟುವ ಆಟದ ಸೈಕಲ್. ಅದನ್ನು ರಿಪೇರಿಗೆ ತರುವವರ ದೂರು ಬಹುಮಟ್ಟಿಗೆ ಒಂದೇ: "ಹಿಂದಿನ ಬ್ರೇಕ್ ಹಿಡೀತಿಲ್ಲ, ಏರ್ ತೆಗೆದುಕೊಡಿ." ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ, ಅಂದರೆ ಏರ್, ತೆಗೆಯುವುದು ನಮ್ಮ ಕೆಲಸದಲ್ಲಿ ಕೊನೆಗೆ ಬರುವಂಥದ್ದು. ಅದಕ್ಕೂ ಮೊದಲು ಫ್ರೇಮ್, ಹಬ್, ರಿಮ್, ಚೈನ್, ಪ್ಯಾಡ್ ನೋಡಬೇಕು, ಅದೂ ಇದೇ ಕ್ರಮದಲ್ಲಿ.

ಮಾಮೂಲಿ ಸೈಕಲ್ಲಿನ ಬ್ರೇಕ್ ಓಡುವ ಚಕ್ರವನ್ನು ನಿಧಾನ ಮಾಡಿದರೆ ಸಾಕು. ಟ್ರಯಲ್ಸ್‌ನಲ್ಲಿ ಸವಾರ ಬಂಡೆಯ ಅಂಚಿನಲ್ಲಿ ಹಿಂದಿನ ಚಕ್ರದ ಮೇಲಷ್ಟೇ ನಿಂತು ಕುಪ್ಪಳಿಸುತ್ತಾನೆ. ಆಗ ನಿಂತ ಚಕ್ರ ಕೂದಲೆಳೆಯಷ್ಟೂ ಜಾರಬಾರದು. ಅದೂ ಒಂದೇ ಬೆರಳಿನ ಹಿಡಿತದಲ್ಲಿ.

ಫ್ರೇಮ್ ಕೊಳ್ಳುವವರು ತೂಕ, ಬಣ್ಣ ನೋಡುತ್ತಾರೆ. ಮೊದಲು ನೋಡಬೇಕಾದ್ದು ಹಿಂದಿನ ಬ್ರೇಕ್ ಕೂರುವ ಜಾಗ. ಸೀಟ್‌ಸ್ಟೇಗೆ (ಸೀಟಿನ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಕೊಳವೆ) ಬೆಸುಗೆ ಹಾಕಿದ ನಾಲ್ಕು ಬೋಲ್ಟಿನ ಮೌಂಟ್ ಇದ್ದರೆ ಮಗುರಾ ಎಚ್‌ಎಸ್33 ಥರದ ಹೈಡ್ರಾಲಿಕ್ (ಆಯಿಲ್ ಒತ್ತಡದಲ್ಲಿ ಕೆಲಸ ಮಾಡುವ) ರಿಮ್ ಬ್ರೇಕ್ ನೇರವಾಗಿ, ಗಟ್ಟಿಯಾಗಿ ಕೂರುತ್ತದೆ. ವಿ-ಬ್ರೇಕ್ (ಕೇಬಲ್ ಎಳೆಯುವ ರಿಮ್ ಬ್ರೇಕ್) ಗೂಟಗಳಷ್ಟೇ ಇದ್ದರೆ ಅಡಾಪ್ಟರ್ ಬೇಕು; ಆಗ ಲಿವರ್ ಒತ್ತಿದಾಗೆಲ್ಲ ಗೂಟವೂ ಸೀಟ್‌ಸ್ಟೇಯೂ ಹೊರಕ್ಕೆ ಬಾಗುತ್ತವೆ, ಕುದುರೆ ಲಾಳದಂಥ ಬೂಸ್ಟರ್ ಪಟ್ಟಿ ಕಡ್ಡಾಯ. ಇದನ್ನು ಕಣ್ಣಾರೆ ನೋಡಬಹುದು: ಒಬ್ಬರು ಲಿವರನ್ನು ಬಲವಾಗಿ ಒತ್ತಲಿ, ಇನ್ನೊಬ್ಬರು ಹಿಂದೆ ಕುಳಿತು ಸೀಟ್‌ಸ್ಟೇಗಳನ್ನೇ ಗಮನಿಸಲಿ. ಅವು ಅಗಲವಾಗುತ್ತಿದ್ದರೆ ಬೆರಳಿನ ಬಲ ಫ್ರೇಮ್ ಬಗ್ಗಿಸುವುದಕ್ಕೆ ಹೋಗುತ್ತಿದೆ ಎಂದರ್ಥ. ಎಷ್ಟು ಸಲ ಆಯಿಲ್ ಬದಲಿಸಿದರೂ ಇದು ಸರಿಹೋಗದು.

ಡಿಸ್ಕ್ ಹಾಕಿದರಾಗದೇ ಎಂದು ಹಲವರು ಕೇಳುತ್ತಾರೆ. ಆಗುತ್ತದೆ, ಆದರೆ ಲೆಕ್ಕ ಗೊತ್ತಿರಲಿ. 26 ಇಂಚಿನ ಚಕ್ರದಲ್ಲಿ ರಿಮ್ ಬ್ರೇಕ್ ಹಿಡಿಯುವ ಜಾಗ ಆಕ್ಸಲ್‌ನಿಂದ ಸುಮಾರು 280 ಮಿ.ಮೀ. ದೂರ. 160 ಮಿ.ಮೀ. ಡಿಸ್ಕಿನಲ್ಲಿ ಪ್ಯಾಡ್ ಹಿಡಿಯುವುದು 70-75 ಮಿ.ಮೀ. ದೂರದಲ್ಲಿ. ಅಂದರೆ ಅದೇ ಹಿಡಿತಕ್ಕೆ ಡಿಸ್ಕ್ ಪ್ಯಾಡ್ ಮೂರೂವರೆ ಪಟ್ಟಿಗೂ ಹೆಚ್ಚು ಘರ್ಷಣೆ ಒದಗಿಸಬೇಕು. ಜೊತೆಗೆ ಆ ಬಲವೆಲ್ಲ ಹಬ್‌ನಿಂದ ಕಡ್ಡಿಗಳ ಮೂಲಕವೇ ರಿಮ್ಮಿಗೆ ಹೋಗಬೇಕು. ಕಡ್ಡಿ ಸಡಿಲವಿದ್ದರೆ ಬ್ರೇಕ್ ಲಾಕ್ ಆಗಿದ್ದರೂ ಚಕ್ರ ತುಸು ತಿರುಚಿ ಮರಳುತ್ತದೆ. ಕುಪ್ಪಳಿಸುವವನಿಗೆ ಅದು ಕಾಲಿಗೇ ತಿಳಿಯುತ್ತದೆ. ರಿಮ್ ಬ್ರೇಕ್ ಟೈರಿನ ಪಕ್ಕದಲ್ಲೇ ಹಿಡಿಯುವುದರಿಂದ ಈ ತಿರುಚು ಇಲ್ಲ. ಮಳೆ, ಕೆಸರು, ಸೊಟ್ಟಗಾದ ರಿಮ್ ಇವುಗಳಲ್ಲಿ ಡಿಸ್ಕೇ ಮೇಲು. ನಮ್ಮ ಮಟ್ಟಿಗೆ, 20 ಇಂಚಿನ ಬೈಕಿಗೆ ಹಿಂದೆ ರಿಮ್ ಬ್ರೇಕ್, ಮುಂದೆ ಡಿಸ್ಕ್ ಎನ್ನುವುದು ಕೊಟ್ಟ ಹಣಕ್ಕೆ ಮೋಸವಿಲ್ಲದ ಜೋಡಿ.

ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ನಡೆಸುವ ಪುರುಷರ ಸ್ಪರ್ಧೆಗಳು 20 ಇಂಚು, 26 ಇಂಚು ಎಂದು ಎರಡು ವರ್ಗಗಳಲ್ಲಿ ನಡೆಯುತ್ತವೆ. 20 ಇಂಚಿನ ಫ್ರೇಮುಗಳ ವೀಲ್‌ಬೇಸ್ (ಎರಡು ಆಕ್ಸಲ್ ನಡುವಿನ ದೂರ) ಸುಮಾರು 1000 ಮಿ.ಮೀ.; ಹಿಂದಿನ ಹಬ್ ಸಾಮಾನ್ಯವಾಗಿ 116 ಮಿ.ಮೀ. ಅಗಲದ್ದು, ಮಾಮೂಲಿ 135 ಮಿ.ಮೀ. ಹಬ್ ಅದರಲ್ಲಿ ಕೂರುವುದೇ ಇಲ್ಲ. 'ಇಪ್ಪತ್ತು' ಎಂದು ಕರೆದರೂ ಹಿಂದಿನ ರಿಮ್ 19 ಇಂಚಿನದು: ಟೈರ್ ಕೂರುವ ವ್ಯಾಸ ಹಿಂದೆ 387 ಮಿ.ಮೀ., ಮುಂದೆ 406. ಬಿಎಂಎಕ್ಸ್ ಸೈಕಲ್ಲಿನ 20 ಇಂಚಿನ ಟೈರ್ ತಂದು ಹಿಂದಕ್ಕೆ ಹಾಕಲು ಹೊರಡಬೇಡಿ. ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್ ಅಚ್ಚು ತಿರುಗುವ ಜಾಗ) ಎತ್ತರವನ್ನೂ ಕೇಳಿಕೊಳ್ಳಿ. ಎರಡು ಆಕ್ಸಲ್ ಸೇರಿಸುವ ಗೆರೆಗಿಂತ ಬಿ.ಬಿ. ಎಷ್ಟು ಮೇಲಿದೆಯೋ ಅಷ್ಟು ಸುಲಭವಾಗಿ ಹಿಂದಿನ ಚಕ್ರದ ಮೇಲೆ ಏಳಬಹುದು, ಆದರೆ ಎರಡೂ ಚಕ್ರ ನೆಲದಲ್ಲಿರುವಾಗ ಸಮತೋಲನ ಅಷ್ಟೇ ಕಷ್ಟ. ಕಲಿಯುವವರಿಗೆ ತಗ್ಗಿನದ್ದೇ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಫ್ರೇಮ್ ಆದರೆ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಮುಂದಿನ ಕೊಳವೆ) ಕೆಳಗಿನ ಬೆಸುಗೆ, ಬಿ.ಬಿ. ಹಿಂದಿನ ಭಾಗ, ಡ್ರಾಪ್‌ಔಟ್ (ಆಕ್ಸಲ್ ಕೂರುವ ಸೀಳು) ಸಂದು, ಬ್ರೇಕ್ ಮೌಂಟಿನ ಬುಡ, ಈ ನಾಲ್ಕು ಕಡೆ ಒರೆಸಿ ಟಾರ್ಚ್ ಹಿಡಿದು ನೋಡಿ. ಅಲ್ಯೂಮಿನಿಯಂನಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಬಿಟ್ಟುಬಿಡಿ.

ಈಗ ಹಿಂದಿನ ರಿಮ್ ಬ್ರೇಕ್. ಮೊದಲು ಹಬ್ ಆಟ (ಅಲುಗಾಟ) ತೆಗೆಯಿರಿ, ಚಕ್ರದ ಔಟ್ (ಸೊಟ್ಟ) ತೆಗೆಯಿರಿ. ಆಮೇಲೆ ಚೈನ್ ಬಿಗಿ ಮಾಡಿ. ಇಲ್ಲೇ ಹಲವರು ಎಡವುವುದು. ಟ್ರಯಲ್ಸ್ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಡ್ರಾಪ್‌ಔಟ್ ಅಡ್ಡಕ್ಕಿರುತ್ತದೆ. ಬಸವನಹುಳದ ಆಕಾರದ ಕ್ಯಾಮ್ ತಿರುಗಿಸಿದರೆ ಆಕ್ಸಲ್ ಹಿಂದಕ್ಕೆ ಸರಿದು ಚೈನ್ ಬಿಗಿಯಾಗುತ್ತದೆ. ಆಕ್ಸಲ್ ಜೊತೆ ರಿಮ್ಮೂ ಸರಿಯುತ್ತದೆ, ಬ್ರೇಕ್ ಮಾತ್ರ ಇದ್ದಲ್ಲೇ ಇರುತ್ತದೆ. ಪ್ಯಾಡ್ ಮೊದಲು ಹೊಂದಿಸಿ ಚೈನ್ ಆಮೇಲೆ ಬಿಗಿ ಮಾಡಿದರೆ ಪ್ಯಾಡ್ ರಿಮ್ಮಿನ ಅಂಚಿನಿಂದಾಚೆ ಹೋಗಿರುತ್ತದೆ, ಇಲ್ಲವೇ ಟೈರಿಗೆ ತಾಗುತ್ತಿರುತ್ತದೆ. ಕ್ಯಾಮ್ ಒಂದು ಹಲ್ಲು ತಿರುಗಿದರೂ ಪ್ಯಾಡ್ ಮತ್ತೆ ನೋಡಲೇಬೇಕು.

ಪ್ಯಾಡ್ ರಿಮ್ಮಿಗೆ ಚಪ್ಪಟೆಯಾಗಿ ಕೂತಿದೆಯೋ ಇಲ್ಲವೋ ನೋಡಲು ಕಾಗದದ ಸಣ್ಣ ಪಟ್ಟಿ ಸಾಕು. ಪ್ಯಾಡಿನ ಮುಂದಿನ ತುದಿಗೆ ಸಿಕ್ಕಿಸಿ ಲಿವರ್ ಹಗುರವಾಗಿ ಒತ್ತಿ ಎಳೆಯಿರಿ, ಆಮೇಲೆ ಹಿಂದಿನ ತುದಿ, ಮೇಲಂಚು, ಕೆಳಅಂಚು. ನಾಲ್ಕೂ ಕಡೆ ಒಂದೇ ಬಿಗಿ ಇರಬೇಕು. ಒಂದು ಕಡೆ ಕಾಗದ ಜಾರಿ ಬಂದರೆ ಕ್ಲಾಂಪ್ ಸಡಿಲಿಸಿ, ಪ್ಯಾಡ್ ತಳ್ಳುವ ಸಿಲಿಂಡರ್ ತುಸು ತಿರುಗಿಸಿ. ಎರಡೂ ಬದಿ ರಿಮ್ಮಿನಿಂದ 2 ಮಿ.ಮೀ. ಅಂತರ ಇಟ್ಟು, ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಕ್ಲಾಂಪ್ ಅತಿಯಾಗಿ ಬಿಗಿದರೆ ಸಿಲಿಂಡರ್ ಹಿಸುಕಿಕೊಂಡು ಪಿಸ್ಟನ್ ಒಳಗೇ ಕಚ್ಚುತ್ತದೆ. ಲಿವರ್ ಬಿಟ್ಟರೂ ಒಂದು ಪ್ಯಾಡ್ ಹಿಂದಕ್ಕೆ ಬರುವುದಿಲ್ಲ. ಸೀಲ್ ಹೋಗಿದೆ ಎಂದು ಬಿಚ್ಚುವ ಮೊದಲು ಆ ಬೋಲ್ಟನ್ನು ಕಾಲು ಸುತ್ತು ಸಡಿಲಿಸಿ ನೋಡಿ.

ಇಷ್ಟಾದ ಮೇಲೂ ಲಿವರ್ ಸ್ಪಂಜಿನಂತಿದ್ದರೆ ಏರ್ ತೆಗೆಯಿರಿ. ಲಿವರಿನ ಅಡ್ಜಸ್ಟರ್ ತಿರುಪನ್ನು ಪೂರ್ತಿ ಹೊರಕ್ಕೆ ತನ್ನಿ, ಬೈಕನ್ನು ಓರೆ ಮಾಡಿ ಲಿವರಿನ ರಂಧ್ರವೇ ಎಲ್ಲಕ್ಕಿಂತ ಮೇಲಿರುವಂತೆ ನಿಲ್ಲಿಸಿ, ಕೆಳಗಿನ ಸಿಲಿಂಡರಿಗೆ ಸಿರಿಂಜ್ ಜೋಡಿಸಿ ಆಯಿಲನ್ನು ನಿಧಾನವಾಗಿ ಮೇಲಕ್ಕೆ ತಳ್ಳಿ. ಹೋಸನ್ನು, ಎರಡು ಸಿಲಿಂಡರ್ ನಡುವಿನ ಕೊಳವೆಯನ್ನು ಬೆರಳಿಂದ ತಟ್ಟುತ್ತಿರಿ. ಗುಳ್ಳೆ ಅಡಗುವುದು ಅಲ್ಲೇ. ಗುಳ್ಳೆ ನಿಂತ ಮೇಲೆ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ಮಗುರಾ ಬ್ರೇಕಿಗೆ ಮಿನರಲ್ ಆಯಿಲ್, ಹೋಪ್ ಕಂಪನಿಯ ಬ್ರೇಕಿಗೆ ಡಾಟ್ 5.1 ಎಂಬ ಬ್ರೇಕ್ ದ್ರವ. ಅದಲುಬದಲಾದರೆ ಸೀಲ್‌ಗಳು ಹಾಳಾಗುತ್ತವೆ, ತೊಳೆದರೂ ಪ್ರಯೋಜನವಿಲ್ಲ. ಹಗುರವಾದ ಲಿವರಿಗಾಗಿ ಆಯಿಲ್ ಬದಲು ನೀರು ತುಂಬುವ ರೂಢಿಯೂ ಸವಾರರಲ್ಲಿದೆ. ಚಳಿ ದೇಶಗಳಲ್ಲಿ ಅದು ಹೆಪ್ಪುಗಟ್ಟಬಹುದು, ಎಲ್ಲೇ ಆದರೂ ಒಳಗೆ ತುಕ್ಕಿನ ಭಯ ಇದ್ದೇ ಇದೆ. ನಾವು ತುಂಬಿಕೊಡುವುದಿಲ್ಲ.

ಹಿಡಿತ ಹೆಚ್ಚಲು ರಿಮ್ಮಿನ ಪಕ್ಕವನ್ನು ಆಂಗಲ್ ಗ್ರೈಂಡರಿನಿಂದ ಗೀರುವುದುಂಟು. ಟೈರ್, ಟ್ಯೂಬ್ ತೆಗೆದು, ಹಬ್ ಬೇರಿಂಗಿಗೆ ಬಟ್ಟೆ ಸುತ್ತಿ, ಕನ್ನಡಕ, ಮಾಸ್ಕ್ ಹಾಕಿಕೊಂಡೇ ಮಾಡಿ. ಬ್ಲೇಡ್ ರಿಮ್ಮಿಗೆ ಸೋಕಿದರೆ ಸಾಕು, ಒತ್ತಬೇಡಿ. ಹತ್ತಿರ ಹತ್ತಿರ, ಅಡ್ಡಡ್ಡ ಗೀರುಗಳು ಬರಲಿ. ಹೊಸ ಗೀರು ಪ್ಯಾಡನ್ನು ಬೇಗ ತಿನ್ನುತ್ತದೆ, ಕೆಲವು ವಾರಗಳಲ್ಲಿ ಸವೆದು ನುಣುಪಾಗುತ್ತದೆ, ಮತ್ತೆ ಗೀರಬೇಕಾಗುತ್ತದೆ. ಪ್ರತಿ ಸಲವೂ ರಿಮ್ಮಿನ ಗೋಡೆ ತೆಳುವಾಗುತ್ತದೆ. ಗೋಡೆ ಒಳಕ್ಕೆ ಬಾಗಿದ್ದರೆ, ಬಿರುಕಿದ್ದರೆ ಗೀರದೆ ರಿಮ್ಮನ್ನೇ ಬದಲಿಸಿ.

ಕೊನೆಗೆ ಲಿವರ್. ತೋರುಬೆರಳು ಲಿವರಿನ ತುದಿಗೇ ಬೀಳುವಂತೆ ಕ್ಲಾಂಪನ್ನು ಒಳಕ್ಕೆ ಸರಿಸಿ. ತುದಿಯಲ್ಲಿ ಒತ್ತಿದಷ್ಟೂ ಬಲ ಉಳಿಯುತ್ತದೆ. ಮುಂದಿನ ಬ್ರೇಕ್ ಯಾವ ಕೈಗೆ ಎಂದು ಸವಾರನನ್ನೇ ಕೇಳಿ. ನಮ್ಮಲ್ಲಿ ಬಲಗೈ ರೂಢಿ, ಯುರೋಪಿನ ಹಲವು ದೇಶಗಳಲ್ಲಿ ಎಡಗೈ. ಅಲ್ಲಿಂದ ತರಿಸಿದ ಬೈಕ್ ಹಾಗೇ ಬಂದಿರುತ್ತದೆ. ಹೋಸ್ ಕತ್ತರಿಸುವ ಮೊದಲೇ ಇದನ್ನು ಕೇಳಿಕೊಳ್ಳಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಹೋಸ್ ಎಳೆಯದಷ್ಟು ಉದ್ದ ಬಿಟ್ಟು ಕತ್ತರಿಸಿ.