ಚಾರುಮತಿ ಊರನ್ನೆಲ್ಲ ಕರೆದಳು

ಈ ಸಲದ ವರಮಹಾಲಕ್ಷ್ಮಿ ಹಬ್ಬದಲ್ಲಿ ಕಥೆ ಓದುವ ಸರದಿ ನನಗೆ ಬಂತು. ಚಿಕ್ಕಂದಿನಿಂದ ಕೇಳಿದ ಕಥೆಯೇ. ಆದರೂ ಒಂದು ಕಡೆ ಬಂದಾಗ ಗಂಟಲು ಕಟ್ಟಿತು.

ಲಕ್ಷ್ಮಿ ಕನಸಿನಲ್ಲಿ ಬಂದದ್ದು ಕುಂಡಿನ ಪಟ್ಟಣದ ಚಾರುಮತಿ ಒಬ್ಬಳಿಗೇ. ಅವಳು ಸುಮ್ನೆ ಬಾಗಿಲು ಹಾಕಿಕೊಂಡು ವ್ರತ ಮಾಡಬಹುದಿತ್ತು, ಅಲ್ವಾ? ಮಾಡಲಿಲ್ಲ. ಮನೆಯವರಿಗೆ ಹೇಳಿದಳು, ಊರ ಹೆಂಗಸರಿಗೆಲ್ಲ ಹೇಳಿದಳು. ಎಲ್ಲರೂ ಸೇರಿ ಪೂಜೆ ಮಾಡಿದರು. ಮೊದಲ ಪ್ರದಕ್ಷಿಣೆಗೆ ಕಾಲಲ್ಲಿ ಗೆಜ್ಜೆ ಘಲ್ಲೆಂದಿತು, ಎರಡನೆಯದಕ್ಕೆ ಕೈಗೆ ಕಂಕಣ ಬಂತು, ಮೂರನೆಯದಕ್ಕೆ ಮೈತುಂಬ ಒಡವೆ. ಎಲ್ಲರಿಗೂ! ನಿನ್ನಿಂದ ನಮಗೂ ಭಾಗ್ಯ ಬಂತು ಅಂತ ಅವರೆಲ್ಲ ಚಾರುಮತಿಯನ್ನು ಕೊಂಡಾಡಿದರು.

ಅಲ್ಲಿಗೆ ಬಂದಾಗ ನನಗೆ ಅಜ್ಜಿಯ ಅಂಗೈ ವಾಸನೆ ಬಂದ ಹಾಗಾಯಿತು. ಅರಿಶಿನ, ವೀಳ್ಯದೆಲೆ, ಸ್ವಲ್ಪ ಕರ್ಪೂರ. ಹಬ್ಬ ಕಳೆದು ವಾರವಾದರೂ ಆ ಕೈಯಿಂದ ಅರಿಶಿನ ಬಿಡುತ್ತಿರಲಿಲ್ಲ. ತಲೆ ಬಾಚಿದರೆ ನಮ್ಮ ಕೂದಲಿಗೂ ಅದೇ ವಾಸನೆ. ಒಂದು ವರ್ಷ ಅಜ್ಜಿಯ ಬಳೆ, ಓಲೆ ಎಲ್ಲ ಗಿರವಿಯಲ್ಲಿದ್ದವು. ಕಲಶಕ್ಕೆ ಅರಿಶಿನದ ಕೊಂಬು ಕಟ್ಟಿದ ದಾರ ಬಿಟ್ಟರೆ ಒಡವೆಯೇ ಇಲ್ಲ. ಆದರೆ ತಾಂಬೂಲಕ್ಕೆ ಬಂದವರ ಸಾಲು ಕಡಿಮೆಯಾಗಲಿಲ್ಲ. ಇದ್ದುದರಲ್ಲಿ ಒಳ್ಳೆಯ ರವಿಕೆ ಕಣ ಹೂವಿನವಳಿಗೇ ಹೋಯಿತು. ಮನೆಯವರೆಲ್ಲ ಗೊಣಗಿದರು. ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ.

ಪುರಂದರದಾಸರ ಕಥೆಯೂ ಇದೇ ಅಲ್ಲವೇ? ನವಕೋಟಿ ನಾರಾಯಣನ ಮನೆಯಲ್ಲಿ ಚಿನ್ನಕ್ಕೆ ಬರವಿರಲಿಲ್ಲ. ಕೊಡುವ ಕೈ ಮಾತ್ರ ಮೂಗುತಿ ಬಿಚ್ಚಿಕೊಟ್ಟ ಹೆಂಡತಿಯದು.

ಈಗ ನಾವು ಅಮ್ಮನವರಿಗೆ ಐನೂರರ ನೋಟಿನ ಹಾರ ಹಾಕುತ್ತೇವೆ. ಮನೆಯ ಚಿನ್ನವನ್ನೆಲ್ಲ ಹರಡಿ, ಫೋಟೋ ತೆಗೆದು, ಸ್ಟೇಟಸ್ ಹಾಕುತ್ತೇವೆ. ಅಲಂಕಾರ ತಪ್ಪು ಅಂತ ನಾನು ಹೇಳುವುದಿಲ್ಲ, ನೋಡಲು ನನಗೂ ಇಷ್ಟ. ಆದರೆ ಅರಿಶಿನ ಕುಂಕುಮಕ್ಕೆ ಕರೆಯುವುದು ಯಾರನ್ನು? ಹೋದ ವರ್ಷ ನಮ್ಮನ್ನು ಕರೆದವರನ್ನು. ಕೆಲಸದಾಕೆಗೆ ತಾಂಬೂಲ ಬಾಗಿಲಲ್ಲೇ, ಅದೂ ಪ್ಲಾಸ್ಟಿಕ್ ಕವರಿನಲ್ಲಿ. ಇಂಥ ಮನೆಗೆ ಲಕ್ಷ್ಮಿ ಬಂದರೂ ಎಷ್ಟು ಹೊತ್ತು ಕೂತಾಳು?

ಮುಂದಿನ ಶ್ರಾವಣಕ್ಕೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಲಶ ಇಡೋಣ ಅಂದಿದ್ದೇನೆ. ಇಸ್ತ್ರಿ ಅಂಗಡಿಯಾಕೆ, ಕಸ ಗುಡಿಸುವವರು, ವಾಚ್‌ಮನ್ ಹೆಂಡತಿ, ಎಲ್ಲರೂ ಮಣೆ ಮೇಲೆ ಕೂರಬೇಕು. ಕೆಲವರು ಮೂಗು ಮುರಿದರು. ನಮ್ಮತ್ತೆ ಮಾತ್ರ ಆಗಲೇ ರವಿಕೆ ಕಣಗಳ ಲೆಕ್ಕ ಶುರು ಮಾಡಿದ್ದಾರೆ.