ನಂದಿ ತಪ್ಪಲಿನಲ್ಲಿ ಉಸಿರಿನ ಲೆಕ್ಕ

ನಮಗಿಂತ ಜೋರಾಗಿ ಸೈಕಲ್ ತುಳಿಯುವ ಗೆಳೆಯರಿದ್ದರೆ ಒಂದು ಅನುಕೂಲ ಇದೆ. ನಾವು ಭಾರಿ ಗಟ್ಟಿಗರು ಅನ್ನೋ ಭ್ರಮೆ ಜಾಸ್ತಿ ದಿನ ಉಳಿಯೋದಿಲ್ಲ. ಬೇಸಿಗೆಯಿಂದ ನಾನು ಬೆಳಗಿನ ಹೊತ್ತು ಒಬ್ಬನೇ ತುಳಿಯುತ್ತಿದ್ದೆ. ಒಬ್ಬನೇ ಹೋದರೆ ಎಲ್ಲರಿಗಿಂತ ಮುಂದಿರೋನೂ ನಾನೇ ಅಲ್ವಾ? ಅದಕ್ಕೇ ನವೆಂಬರಿನ ಒಂದು ಮಂಗಳವಾರ ರಜೆ ಹಾಕಿ ಇಬ್ಬರು ಗೆಳೆಯರ ಜೊತೆ ನಂದಿಬೆಟ್ಟದ ಕಡೆ ಹೊರಟೆ. ಒಬ್ಬ ಮ್ಯಾರಥಾನ್ ಓಡುವ ಒಣಕಲ. ಇನ್ನೊಬ್ಬ ಕಾಲೇಜಿನಿಂದಲೂ ಸೈಕಲ್ ಬಿಟ್ಟವನಲ್ಲ. ಶನಿವಾರ, ಭಾನುವಾರ ಸೂರ್ಯೋದಯ ನೋಡೋಕೆ ಬರುವ ಕಾರು ಬೈಕುಗಳ ಮಧ್ಯೆ ಸಿಕ್ಕಿಹಾಕಿಕೊಳ್ಳೋದು ಯಾರಿಗೆ ಬೇಕು?

ನಾನು ನಿಜಕ್ಕೂ ಎಷ್ಟು ಗಟ್ಟಿ ಅನ್ನೋ ಪರೀಕ್ಷೆ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಸರಿಯಾಗಿ ಆಗೋದಿಲ್ಲ. ಅಲ್ಲಿ ಜೋರಾಗಿ ಹೋಗುವಾಗ ಕಾಲಿನ ಶಕ್ತಿಯೆಲ್ಲ ಹೆಚ್ಚಾಗಿ ಗಾಳಿ ಸೀಳೋದಕ್ಕೇ ಹೋಗುತ್ತೆ. ಮುಂದಿನವನ ಚಕ್ರದ ಹಿಂದೆಯೇ ಅಂಟಿಕೊಂಡರೆ ಗಾಳಿ ತಡೆಯುವ ಕೆಲಸ ಅವನದ್ದು. ಮಣ್ಣಿನ ಏರಿನಲ್ಲಿ ಈ ಆಟ ನಡೆಯಲ್ಲ. ವೇಗವೇ ಇಲ್ಲದ ಕಡೆ ಗಾಳಿಯ ಮಾತೆಲ್ಲಿ ಬಂತು? ಏರಿನಲ್ಲಿ ನಡೆಯೋದು ತೂಕದ ಲೆಕ್ಕ. ನಾನು 82 ಕೆಜಿ, ಒಣಕಲ 61. ಅವನ ಜೊತೆ ಸಮಕ್ಕೆ ಹತ್ತಬೇಕು ಅಂದರೆ ನಾನು 21 ಕೆಜಿ ಅಕ್ಕಿಮೂಟೆ ಹೊತ್ತುಕೊಂಡು ಹತ್ತಿದ ಹಾಗೆ.

ಹಾಗಾಗಿ ವೇಗದ ಗೊಡವೆಗೇ ಹೋಗಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ವೇಗದಲ್ಲಿ ಸೋಲೋದು ಗೊತ್ತಿದ್ದದ್ದೇ. ನನಗೆ ಬೇಕಾಗಿದ್ದದ್ದು, ನಿಂತ ಮೇಲೆ ಎದೆಬಡಿತ ಎಷ್ಟು ಬೇಗ ಇಳಿಯುತ್ತೆ ಅನ್ನೋದು. ಅದಕ್ಕೇ ಬಡಿತ ಎಣಿಸುವ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡಿದ್ದೆ. ಕೈಗೆ ಕಟ್ಟುವ ವಾಚು ಹ್ಯಾಂಡಲಿನ ಕುಲುಕಾಟದಲ್ಲಿ ಏನೇನೋ ತೋರಿಸಿಬಿಡುತ್ತೆ. 220ರಿಂದ ವಯಸ್ಸು ಕಳೆದರೆ ಗರಿಷ್ಠ ಬಡಿತ ಅನ್ನೋ ಲೆಕ್ಕ ಬರೀ ಅಂದಾಜು. ನನ್ನ 43ಕ್ಕೆ ಅದು 177. ಅದಕ್ಕಿಂತ ಕೆಲಸಕ್ಕೆ ಬರೋದು ನಿಂತ ಮೊದಲ ಒಂದು ನಿಮಿಷ. ಅಷ್ಟರಲ್ಲಿ ಬಡಿತ 12 ಕೂಡ ಇಳಿಯದಿದ್ದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ.

ನಂದಿ ಗ್ರಾಮದಲ್ಲಿ, ಭೋಗನಂದೀಶ್ವರ ದೇವಸ್ಥಾನದ ಹತ್ತಿರ, ಕಾರು ನಿಲ್ಲಿಸಿ ಸೈಕಲ್ ಇಳಿಸಿಕೊಂಡೆವು. ಅಲ್ಲಿಂದ ಹೊಲಗಳ ಮಧ್ಯೆ ಕೆಮ್ಮಣ್ಣಿನ ದಾರಿ. ಕಲ್ಲುಕಂಬಗಳ ಮೇಲೆ ತಂತಿ ಎಳೆದ ದ್ರಾಕ್ಷಿ ಚಪ್ಪರ, ಆಮೇಲೆ ನೀಲಗಿರಿ ತೋಪು. ಮೊದಮೊದಲು ಮೂವರೂ ಜೊತೆಗೇ ಇದ್ದೆವು. ಅವರಿಬ್ಬರೂ ಯಾವುದೋ ಸೈಟಿನ ರೇಟಿನ ಬಗ್ಗೆ ಜೋರಾಗಿ ವಾದ ಮಾಡುತ್ತಿದ್ದರು. ಶುರುವಿಗೆ ನಾನೂ ಬಾಯಿ ಹಾಕಿದೆ. ಸ್ವಲ್ಪ ಏರು ಬಂದ ಮೇಲೆ ನನ್ನ ಪಾಲಿನ ವಾದ "ಹೂಂ" ಅನ್ನೋದಕ್ಕೆ ಇಳಿಯಿತು. ಅವರ ವಾಕ್ಯಗಳು ಮಾತ್ರ ಕರ್ತೃ, ಕರ್ಮ, ಕ್ರಿಯಾಪದ ಸಮೇತ ಪೂರ್ತಿಯಾಗಿ ಬರುತ್ತಿದ್ದವು. ದಣಿವು ಅಳೆಯೋಕೆ ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಒಂದೇ ಉಸಿರಲ್ಲಿ ಒಂದು ವಾಕ್ಯ ಮುಗಿಸೋಕೆ ಆಗದಿದ್ದರೆ ಮಿತಿ ದಾಟಿದ್ದೀವಿ ಅಂತಲೇ.

ಚಪ್ಪರ ದಾಟಿದ ಮೇಲೆ ಒಂದು ಕಡಿದಾದ ಏರು. ಮಳೆನೀರು ಕೊರೆದ ಕೊರಕಲು, ಮೇಲೆಲ್ಲ ಸಡಿಲ ಜಲ್ಲಿ. ಇಂಥ ಕಡೆ ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಬರ್‍ರೆಂದು ಜಾರುತ್ತೆ. ಹಿಂದಕ್ಕೆ ಕೂತರೆ ಮುಂದಿನ ಚಕ್ರ ಮೇಲೆದ್ದು ಎಲ್ಲೆಲ್ಲೋ ತಿರುಗುತ್ತೆ. ಸೀಟಿನ ತುದಿಗೆ ಜರುಗಿ, ಮೊಣಕೈ ಬಗ್ಗಿಸಿ, ಎದೆಯನ್ನು ಹ್ಯಾಂಡಲಿನ ಹತ್ತಿರಕ್ಕೆ ತಂದು, ಒಂದೇ ಸಮನೆ ತುಳಿಯಬೇಕು. ಮುಕ್ಕಾಲು ಹತ್ತಿದೆ. ಗೇರು ಕೊನೆಯದ್ದೇ ಇತ್ತು, ಅದಕ್ಕಿಂತ ಹಗುರದ್ದು ಇಲ್ಲ. ತೊಡೆ ಉರಿಯೋಕೆ ಶುರುವಾಯಿತು. ಪೆಡಲ್ ಮೇಲಿಂದ ಕೆಳಕ್ಕೆ ಬರುವಷ್ಟರಲ್ಲಿ ಒಂದು ಯುಗ. ಸೈಕಲ್ ನಿಂತೇಹೋಯಿತು. ಇಳಿದು ತಳ್ಳಿದೆ.

ಪಕ್ಕದ ತೋಟದಲ್ಲಿ ಔಷಧಿ ಡಬ್ಬಿ ಬೆನ್ನಿಗೆ ಹಾಕಿಕೊಂಡಿದ್ದ ಹಿರಿಯರೊಬ್ಬರು ಕೈ ನಿಲ್ಲಿಸಿ ನೋಡಿದರು.

"ಯಾಕ್ ಸಾರ್, ಪಂಚರ್ ಆಯ್ತಾ?"

ಇಲ್ಲ ಅನ್ನೋಕೂ ಉಸಿರಿರಲಿಲ್ಲ. ತಲೆ ಆಡಿಸಿದೆ.

"ಮುಂದೆ ಹೋದೋರು ಇದ್ರ ಮೇಲೇ ಕೂತ್ಕಂಡ್ ಹೋದ್ರಲ್ಲ ಸಾರ್!"

ನೀರು ಬೇಕಾ ಅಂತಲೂ ಕೇಳಿದರು ಅನ್ನಿ. ಅಷ್ಟು ಮಾತಿಗೆ ನಿಂತಿದ್ದಕ್ಕೆ ಲೆಕ್ಕ ಸಿಕ್ಕಿತು. ನಿಂತಾಗ ಎದೆಯ ಪಟ್ಟಿ 171 ತೋರಿಸುತ್ತಿತ್ತು, ಒಂದು ನಿಮಿಷ ಕಳೆದ ಮೇಲೆ 142. ಒಳಗೊಳಗೇ ಖುಷಿಯಾಯಿತು.

ಏರಿನ ತಲೆಯಲ್ಲಿ ಅವರಿಬ್ಬರೂ ಬಂಡೆ ಮೇಲೆ ಕಾಲು ಚಾಚಿ ಕಡಲೆಕಾಯಿ ಚಿಕ್ಕಿ ತಿನ್ನುತ್ತಿದ್ದರು. ನಾನು ತಲುಪಿದ್ದೇ ತಡ, "ಬಾ ಮಗಾ, ಹೊರಡೋಣ" ಅಂತ ಎದ್ದರು. ಜೋರಾಗಿ ಹೋಗುವವರ ಜೊತೆ ಹೋಗುವ ಎಲ್ಲರ ಕಷ್ಟ ಇದೇ. ದಣಿಯದವರಿಗೆ ಹತ್ತು ನಿಮಿಷ ವಿಶ್ರಾಂತಿ, ದಣಿದವನಿಗೆ ಸೊನ್ನೆ. ನಾನು ಕೂತೇಬಿಟ್ಟೆ. "ನಾನು ಬಂದ ಮೇಲೆ ಐದು ನಿಮಿಷ. ಅದೇ ರೂಲು" ಅಂದೆ. ಪೂರ್ತಿ ವಾಕ್ಯ ಬಂತು ನೋಡಿ! ಒಣಕಲ ನಕ್ಕು, ಇನ್ನೊಂದು ಚಿಕ್ಕಿ ಕೊಟ್ಟ.

ಆಮೇಲಿನ ಇಳಿಜಾರಿನಲ್ಲಿ ಅದೇ 82 ಕೆಜಿ ನನ್ನ ಕೈ ಹಿಡಿಯಿತು. ಅದರ ಬಗ್ಗೆ ಹೆಚ್ಚು ಹೇಳಿದರೆ ಜಂಬ ಅನಿಸೀತು.

ಕೊನೆಗೆ ಬೆಟ್ಟದ ಡಾಂಬರು ದಾರಿ. ಬುಡದಿಂದ ಮೇಲಿನ ಗೇಟಿನವರೆಗೆ ಸುಮಾರು 8 ಕಿಲೋಮೀಟರ್, ಬರೀ ತಿರುವುಗಳು. ಮೇಲೆ ತಲುಪಿದರೆ 1,478 ಮೀಟರ್ ಎತ್ತರ. ರಸ್ತೆ ಸೈಕಲ್‌ನವರು ಸುಂಯ್ ಅಂತ ಹೋಗುವ ಕಡೆ ನಮ್ಮ ಹಲ್ಲುಹಲ್ಲಿನ ಟೈರುಗಳು ಗುರ್‍ರ್ ಅನ್ನುತ್ತಿದ್ದವು. ಎರಡನೇ ತಿರುವಿಗೇ ಅವರಿಬ್ಬರೂ ಮಾಯ. ನಾನು ಬಡಿತವನ್ನು 155ರ ಆಸುಪಾಸಿನಲ್ಲೇ ಇಟ್ಟುಕೊಂಡು, ತಿರುವಿನ ಹೊರಅಂಚು ಹಿಡಿದು ಹತ್ತಿದೆ. ಒಳಅಂಚು ಹತ್ತಿರ ಅನಿಸಿದರೂ ಕಡಿದಾಗಿರುತ್ತೆ. ಹಿಂದಿನಿಂದ ಬರುವ ಗಾಡಿ ನೋಡಿಕೊಳ್ಳಬೇಕು, ಅಷ್ಟೇ. ಒಮ್ಮೆಯೂ ಇಳಿಯಲಿಲ್ಲ. ಗೇಟಿಗೆ ಬರುವ ಮೊದಲಿನ ಜೋರು ಏರಿನಲ್ಲಿ ಮತ್ತೆ 169 ಆಯಿತು. ನಿಂತು ಒಂದು ನಿಮಿಷ ಎಣಿಸಿದೆ. 151. ಬೆಳಿಗ್ಗೆ 29 ಇಳಿದದ್ದು ಈಗ ಬರೀ 18. ಬಿಸಿಲು, ನೀರು ಸಾಲದ್ದು, ದಣಿವು ಎಲ್ಲಾ ಸೇರಿರಬಹುದು. ಆದರೂ ನನ್ನ ಉತ್ತರ ಅಲ್ಲಿತ್ತು. ಎರಡು ಗಂಟೆಯ ಮಟ್ಟಿಗೆ ನಾನು ಗಟ್ಟಿ. ಮೂರನೇ ಗಂಟೆಗೆ ಇನ್ನೂ ತಯಾರಾಗಿಲ್ಲ.

ಮುಂದಿನ ಸಲ ಸ್ಕಂದಗಿರಿ ಕಡೆಯ ಮಣ್ಣುದಾರಿ ಅಂತ ಅವರು ಆಗಲೇ ತೀರ್ಮಾನಿಸಿದ್ದಾರೆ. ನಾನು ಮುಂದಿನ ಹಲ್ಲುಚಕ್ರ ಬದಲಿಸೋಕೆ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. 34 ಹಲ್ಲಿನದ್ದು ತೆಗೆದು 30 ಹಲ್ಲಿನದ್ದು, ಏರಿನಲ್ಲಿ ತುಳಿಯೋದು ಹಗುರ ಆಗಲಿ ಅಂತ. ಅದು ಮೋಸ ಅಂತಾರೆ ಇಬ್ಬರೂ. ಅನ್ನಲಿ ಬಿಡಿ, 82 ಕೆಜಿ ಹೊರೋನು ನಾನು ತಾನೇ?