ಟೇಲರ್ ಮಂಜಿಲ್ ಏರಿದ ದಿನ

ಕಲಬುರಗಿಯಿಂದ ಜೇವರ್ಗಿ, ಶಹಾಪುರ ದಾಟಿ ಬಂದರೆ ತೊಗರಿ, ಹತ್ತಿಯ ಬಯಲು ಮುಗಿದು ಬಂಡೆಗುಡ್ಡಗಳು ಎದ್ದು ನಿಲ್ಲುತ್ತವೆ. ಅವುಗಳ ಮಡಿಲಲ್ಲೇ ಸುರಪುರ. ಈ ಊರಿಗೆ ಗುಡ್ಡವೇ ಕೋಟೆ. 1705ರಲ್ಲಿ ಮುದುಕ ಔರಂಗಜೇಬ ತಾನೇ ದಂಡು ತಂದು ಇಲ್ಲೇ ಹತ್ತಿರದ ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಹೋಯಿತು, ಬೇಡ ನಾಯಕರು ಸಿಗಲಿಲ್ಲ. ಆಮೇಲೆ ಅವರ ರಾಜಧಾನಿಯಾಗಿ ಬೆಳೆದದ್ದು ಸುರಪುರ.

ಸಣ್ಣತ್ತಿಯ ಮನೆ ರಂಗಂಪೇಟೆಯಲ್ಲಿ. ಬ್ರಿಟಿಷ್ ಅಧಿಕಾರಿ ಟೇಲರ್ ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್ ನೋಡಬೇಕು ಎಂದೆ. ಮಾವ ಆಗಲೇ ಚಪ್ಪಲಿ ಮೆಟ್ಟಿದರು. "ಬಿಸಲು ಏರೂದ್ರೊಳಗ ಹೋಗಿ ಬರೂನು ನಡಿ."

ಮೊದಲು ವೇಣುಗೋಪಾಲಸ್ವಾಮಿ ಗುಡಿ. ಕೃಷ್ಣಾಷ್ಟಮಿಯ ಹೊತ್ತಿಗೆ ಇಲ್ಲಿ ಹಾಲೋಕುಳಿ. ಜಾರುವ ಎತ್ತರದ ಕಂಬವನ್ನು ಹುಡುಗರು ಪೈಪೋಟಿಯಿಂದ ಏರುತ್ತಾರೆ, ಮೇಲಿಂದ ನೀರು ಸುರಿಯುತ್ತಲೇ ಇರುತ್ತದೆ. ಗುಡಿ ದಾಟಿ ಮಂಜಿಲ್ ಇರುವ ಗುಡ್ಡ ಹತ್ತಿದೆವು. ಮೇಲೆ ನಿಂತರೆ ಗುಂಡುಗಳ ಸಂದಿಯಲ್ಲಿ ಇಡೀ ಊರು ಕಾಣುತ್ತದೆ. ಗಾಳಿಯೂ ಚಂದ.

ಫಿಲಿಪ್ ಮೆಡೋಸ್ ಟೇಲರ್ ಇಲ್ಲಿಗೆ ಬಂದದ್ದು 1841ರಲ್ಲಿ. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಹುಡುಗ. ಸಂಸ್ಥಾನ ನೋಡಿಕೊಂಡವನು ಟೇಲರ್, ಹುಡುಗನನ್ನು ಓದಿಸಿದವನೂ ಅವನೇ. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಬೋನಾಳ ಕೆರೆಯ ಕೆಲಸ ಮಾಡಿಸಿದ್ದೂ ಟೇಲರನೇ. ಇವತ್ತು ಅದು ಪಕ್ಷಿಧಾಮ. 1853ರಲ್ಲಿ ರಾಜ್ಯವನ್ನು ವೆಂಕಟಪ್ಪನ ಕೈಗಿಟ್ಟು ಹೊರಟುಹೋದ.

ಐದು ವರ್ಷದೊಳಗೆ ಅದೇ ಹುಡುಗ ಕಂಪನಿ ಸರ್ಕಾರದ ಮೇಲೆ ತಿರುಗಿಬಿದ್ದ. 1858ರ ಫೆಬ್ರುವರಿಯಲ್ಲಿ ಈ ಗುಡ್ಡಗಳ ನಡುವೆ ಕಾಳಗ ನಡೆಯಿತು. ವೆಂಕಟಪ್ಪ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಸೆರೆಮನೆಗೆ ಬಂದ ಟೇಲರನನ್ನು ತಬ್ಬಿಕೊಂಡು ಅತ್ತನಂತೆ. ಆದರೆ ತನ್ನನ್ನು ದಂಗೆಗೆ ಹುರಿದುಂಬಿಸಿದವರ ಹೆಸರು ಮಾತ್ರ ಅಪ್ಪನ ಎದುರೂ ಹೇಳಲಿಲ್ಲ. ಕಳ್ಳನಂತೆ ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂದ. ಮರಣದಂಡನೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದ್ರಾಸಿನ ಬಳಿಯ ಚೆಂಗಲಪಟ್ಟಿಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ಆಗ ಇಪ್ಪತ್ತೈದೂ ತುಂಬಿರಲಿಲ್ಲ. ಸುರಪುರ ನಿಜಾಮನ ಪಾಲಾಯಿತು.

ಆ ಕಟ್ಟಡದ ನೆರಳಲ್ಲಿ ಕೂತು ಮಾವ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು. ಓದಿ ತಿಳಿದದ್ದೇ, ಆದರೆ ಊರು ಕಣ್ಣೆದುರು ಇರುವಾಗ ಕೇಳುವುದು ಬೇರೆ.

"ಟೇಲರ್ ಆ ಹುಡುಗನ್ನ ಮಗನಂಗ ಕಂಡಾನ" ಎಂದರು ಮಾವ. ಕಂಡಿರಬಹುದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅವನು ಸಾಕಿದ್ದು ಕಂಪನಿಯ ಪರವಾಗಿ. ಸ್ವಂತ ನೆಲದಲ್ಲಿ ದೊರೆಯಾಗಬೇಕಾದ ಹುಡುಗನಿಗೆ ಆ ಪ್ರೀತಿ ಸಾಲುವುದಾದರೂ ಹೇಗೆ? ಇಳಿಯುವಾಗಲೂ ವಾದ, ಮನೆ ಮುಟ್ಟಿದ ಮೇಲೂ ಅದೇ ವಾದ.

ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಿದ್ದ ಅತ್ತಿ ನಡುವೆ ಬಾಯಿ ಹಾಕಿದಳು. "ಅಪ್ಪ ಅಪ್ಪ ಅಂತೀರಿ. ಹಡದಾಕಿ ಒಬ್ಬಾಕಿ ಇದ್ದಳಲ್ಲ, ರಾಣಿ ಈಶ್ವರಮ್ಮ? ಆಕಿ ಮಾತು ಯಾರರ ಬರದಾರೇನು?"

ಟೇಲರ್ ಬರೆದಿದ್ದಾನೆ. 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ ರಾಣಿ ಬರುತ್ತಾಳೆ, ಆದರೆ ಅವನ ಕೆಲಸಕ್ಕೆ ಅಡ್ಡ ಬಂದವಳಾಗಿ. ಮಾವನೂ ನಾನೂ ಬೆಳಗಿನಿಂದ ಆಡಿದ್ದೆಲ್ಲ ಹೆಚ್ಚುಕಡಿಮೆ ಅವನೊಬ್ಬನ ಬರಹದಿಂದ ಬಂದ ಮಾತೇ ಆಗಿತ್ತು.